ಸಾಕ್ಷಿ ಹೊಲಿಗೆ

ಕತ್ತರಿ ಮಾಸ್ತರರಿಗೆ ಆ ಹೆಸರಿಟ್ಟವರು ಯಾರೆಂದು ಕೇಳಿದರೆ ಶೆಡ್ಡಿನ ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರೇ ಇಟ್ಟಿರಲಿ, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಅದು ಅವರಿಗೆ ಒಪ್ಪಿಬಿಟ್ಟಿದೆ. ಹರೆಯದಲ್ಲಿ ಅವರು ದರ್ಜಿ. ಅದೂ ಎಡಚ ದರ್ಜಿ. ಬಲಗೈಯವರಿಗೆಂದು ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಪಳಗಿಸಿದವರು. ಬೀದಿ ತುಂಬ ಸಿದ್ಧ ಉಡುಪಿನ ಅಂಗಡಿಗಳು ಎದ್ದು, ಹೊಲಿಗೆ ಯಂತ್ರದ ಮೇಲೆ ಧೂಳು ಕೂತಾಗ, ಎತ್ತರದ ಕಟ್ಟಡಗಳ ಗಾಜು ತೊಳೆಯುವ, ಹೊರಗೋಡೆಗೆ ಬಣ್ಣ ಹೊಡೆಯುವ ಗುತ್ತಿಗೆಯ ಕಂಪನಿಯೊಂದನ್ನು ಸೇರಿದರು. ಹತ್ತುವುದು ಅವರ ಕೆಲಸವಲ್ಲ. ಮನೆಯಲ್ಲಿ ಸ್ಟೂಲು ಹತ್ತಿ ಬಲ್ಬು ಹಾಕುವುದಕ್ಕೂ ಅವರ ಹೆಂಡತಿಯೇ ಆಗಬೇಕು. ಹತ್ತುವವರು ಮೈಗೆ ಬಿಗಿದುಕೊಳ್ಳುವ ಬೆಲ್ಟು, ಅದಕ್ಕೆ ಸಿಕ್ಕಿಸುವ ಹಗ್ಗ, ಹುಕ್ಕು, ತಲೆಯ ಹೆಲ್ಮೆಟ್ಟು, ಇವನ್ನೆಲ್ಲ ಕಂಪನಿಯ ಶೆಡ್ಡಿನಲ್ಲಿ ತೊಳೆದು, ಒಣಗಿಸಿ, ನೋಡಿ, ಕೆಟ್ಟದ್ದನ್ನು ಬೇರೆ ಮಾಡುವುದು ಅವರ ಕೆಲಸ.

ಬೆಲ್ಟು ಎಂದರೆ ಪ್ಯಾಂಟಿಗೆ ಹಾಕುವುದಲ್ಲ. ಎರಡು ಹೆಗಲು, ಎದೆ, ಎರಡು ತೊಡೆಗಳನ್ನು ಸುತ್ತಿ ಬೆನ್ನ ಹಿಂದಿನ ಒಂದು ಉಕ್ಕಿನ ಉಂಗುರಕ್ಕೆ ಬಂದು ಸೇರುವ ಅಗಲ ಪಟ್ಟಿಗಳು. ಉಂಗುರಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಕಟ್ಟಡಕ್ಕೆ. ಮಾಸ್ತರರು ಕಿಟಕಿಯ ಪಕ್ಕದ ಮೇಜಿನ ಮೇಲೆ ಬೆಲ್ಟನ್ನು ಹರಡಿ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸುತ್ತಾರೆ. ಬಾಗಿಸಿದಾಗ ನೂಲು ಬಾಯಿ ಬಿಡುತ್ತದೆ. ಎಲ್ಲಿ ಎಳೆ ಕಿತ್ತಿದೆ, ಎಲ್ಲಿ ಸಿಮೆಂಟಿನ ಹುಡಿ ಕೂತು ಒಳಗೊಳಗೇ ಕೊರೆಯುತ್ತಿದೆ, ಎಲ್ಲಿ ಬೆಸುಗೆಯ ಕಿಡಿ ಬಿದ್ದು ಗಟ್ಟಿ ಗಂಟಾಗಿದೆ, ಎಲ್ಲ ಕಾಣುತ್ತದೆ. ಹೀಗೆ ತುದಿಯಿಂದ ತುದಿಗೆ ಸರಿಯುತ್ತ ಹೋಗುವಾಗ ಅವರನ್ನು ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಬಂದರೂ ಅದು ಬೈಗುಳವೇ.

ಅವರ ಕೈಯಲ್ಲಿ ನಪಾಸಾದ ಬೆಲ್ಟಿಗೆ ಮರುಪರೀಕ್ಷೆ ಇಲ್ಲ. ಅದರದ್ದೊಂದು ಕಟ್ಟಳೆಯನ್ನೂ ಅವರೇ ಮಾಡಿದ್ದರು. ಬೆಲ್ಟು ಯಾಕೆ ಕೆಟ್ಟಿತು ಎಂಬುದನ್ನು ಮಾಸ್ತರರು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದನ್ನು ತೊಟ್ಟವನೇ ತನ್ನ ಕೈಯಾರೆ ಕತ್ತರಿಸಬೇಕು. ಇಲ್ಲದಿದ್ದರೆ ಕೆಟ್ಟ ಬೆಲ್ಟು ಹಿತ್ತಲ ಬಾಗಿಲಿಂದ ಹೋಗಿ ಯಾರದೋ ಬೆನ್ನೇರಿ ಕೂರುತ್ತದೆ ಎಂಬುದು ಅವರ ವಾದ. "ಇನ್ನೊಂದು ತಿಂಗಳು ಬರ್ತಿತ್ತಲ್ಲ ಮಾಸ್ತರೇ" ಎಂದು ಯಾರಾದರೂ ರಾಗ ಎಳೆದರೆ, "ಬರ್ತಿತ್ತು, ನೀನು ಬರ್ತಿರಲಿಲ್ಲ" ಎನ್ನುತ್ತಿದ್ದರು. ಬೆಳಿಗ್ಗೆ ಬೆಲ್ಟು ಹಂಚುವಾಗ ಇನ್ನೊಂದು ಮಾತು ತಪ್ಪದೆ ಬರುತ್ತಿತ್ತು: "ತಗೊಂಡವನು ತಾನೇ ನೋಡ್ಕೋಬೇಕು. ಯಾರನ್ನೂ ನಂಬಬೇಡಿ. ಕೊಟ್ಟೋನು ನಾನಾದರೂ ನಂಬಬೇಡಿ." ಇಷ್ಟು ಹೇಳುವವರನ್ನು ನಂಬದೆ ಇನ್ಯಾರನ್ನು ನಂಬುವುದು? ಶೆಡ್ಡಿನ ಮಂದಿ ನೋಡಿದ ಹಾಗೆ ಮಾಡಿ ತೊಟ್ಟುಕೊಂಡು ಹೋಗುತ್ತಿದ್ದರು.

ಇಂಥ ಮನುಷ್ಯ ಜಾರಿದ್ದು ಎತ್ತರದಿಂದಲ್ಲ, ಒಂದು ಊಟದ ಮೇಜಿನಿಂದ.

ಅವರಿಗೆ ಒಬ್ಬಳೇ ಮಗಳು. ಅವಳು ಮದುವೆಯಾದದ್ದು ಬೋರ್ಡಿನ ಕೆಲಸದವನನ್ನು. ಅಂಗಡಿಗಳ ನೆತ್ತಿಯ ಮೇಲೆ, ಕಟ್ಟಡಗಳ ಹಣೆಯ ಮೇಲೆ ದೀಪದ ಬೋರ್ಡು ಕೂರಿಸುವವನು. ಯಾರ ಕೈಕೆಳಗೂ ಇಲ್ಲದ ಸ್ವಂತ ಕೆಲಸ. ಮೆಲುಮಾತಿನ ಹುಡುಗ. ಮಾವನ ಎದುರು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಮದುವೆಯ ಮರುವಾರ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಮಾಸ್ತರರ ಹೆಂಡತಿಯ ಅಣ್ಣ, ಅಂದರೆ ಅವರ ಭಾವ, ಹೊಸ ಅಳಿಯನಿಗೆ ಒಂದು ಕೈಗಡಿಯಾರ ತಂದು ಕಟ್ಟಿದ. ಕಟ್ಟಿ ಸುಮ್ಮನಿರುವ ಪೈಕಿಯಲ್ಲ ಆ ಭಾವ. "ನಮ್ಮ ಭಾವ ಏನು ಕೊಡ್ತಾರೋ? ಹರಕು ಬೆಲ್ಟಿನ ತುಂಡು ಕೊಟ್ಟಾರು!" ಎಂದು ನಕ್ಕ. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಮಾಸ್ತರರಿಗೆ ಆ ನಗು ಸೀದಾ ಎದೆಗೆ ನಾಟಿತು. "ನಿಮ್ಮ ಗಡಿಯಾರ ಹೊತ್ತು ತೋರಿಸುತ್ತೆ ಭಾವ. ನಾನು ಕೊಡೋದು ಆಯಸ್ಸು ಕಾಯುತ್ತೆ. ನಮ್ಮಲ್ಲಿ ಈಗ ಹೊಸಾ ನಮೂನೆ ಬೆಲ್ಟು ಬಂದಿದೆ, ಹೆಗಲಿಗೆ ಮೆತ್ತೆ, ತೊಡೆಗೆ ಮೆತ್ತೆ. ನನ್ನ ಅಳಿಯಂದ್ರಿಗೆ ಅಂಥದ್ದೇ ತಂದ್ಕೊಡ್ತೀನಿ" ಎಂದುಬಿಟ್ಟರು. ಅಳಿಯ ತಲೆ ಎತ್ತಿ ನೋಡಿದ. ಅಲ್ಲಿಯವರೆಗೆ ಅವನು ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಹತ್ತುತ್ತಿದ್ದವನು. ಅವನ ಕಣ್ಣಲ್ಲಿ ಮೂಡಿದ ಬೆಳಕನ್ನು ಕಂಡು ಮಾಸ್ತರರಿಗೆ ತಾನೊಬ್ಬ ದೊಡ್ಡ ಮಾವ ಎನ್ನಿಸಿತು.

ಮರುದಿನ ಮ್ಯಾನೇಜರನ್ನು ಕೇಳಿದರೆ ಅವರು, "ಕಂಪನಿ ಸಾಮಾನು ಹೊರಗಿನವರಿಗೆ ಹೇಗ್ರೀ ಕೊಡೋದು? ಆ ನಿಯಮ ಮಾಡಿದ್ದೇ ನೀವಲ್ವಾ?" ಎಂದರು. ಹೌದು, ಮಾಡಿದ್ದು ಅವರೇ. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಆ ನಮೂನೆಯದು ತರಿಸಿಕೊಡಲು ತಡವಾಗುತ್ತದೆ ಎಂದರು. ಸಾದಾ ಬೆಲ್ಟು ಕೊಳ್ಳಬಹುದಿತ್ತು. ಆದರೆ ಮೆತ್ತೆಯದು ಎಂದು ಹೇಳಿಯಾಗಿದೆ. ಭಾವನ ಮುಂದೆ ಸಾದಾದ್ದನ್ನು ಇಡುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡಾಯಿತು. ಮಗಳು ಫೋನಿನಲ್ಲಿ, "ಅಪ್ಪಾ, ಇವರು ದಿನಾ ಕೇಳ್ತಾರೆ, ಮಾವ ಯಾವಾಗ ಬರ್ತಾರೆ ಅಂತ" ಎಂದು ನಗುತ್ತಿದ್ದಳು.

ಆ ವಾರವೇ ಗಾಜು ತೊಳೆಯುವವನೊಬ್ಬ ಕಾಲು ಜಾರಿ ಬಿದ್ದ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಗಾಜಪ್ಪ ಎನ್ನುತ್ತಾರೆ. ಅಂದು ಅವನು ತೊಟ್ಟಿದ್ದು ಅದೇ ಹೊಸ ನಮೂನೆಯ ಬೆಲ್ಟು, ಆವತ್ತೇ ಮೊದಲ ಸಲ. ಬೆಲ್ಟು ಅವನನ್ನು ಹಿಡಿಯಿತು. ಹೆಗಲು ಉಳುಕಿದ್ದು ಬಿಟ್ಟರೆ ಕೂದಲೂ ಕೊಂಕಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಬೆಲ್ಟು ಮಾಸ್ತರರ ಮೇಜಿಗೆ ಬಂತು.

ಇಲ್ಲಿ ಸಾಕ್ಷಿ ಹೊಲಿಗೆಯ ವಿಷಯ ಹೇಳಬೇಕು. ಒಳ್ಳೆಯ ಬೆಲ್ಟುಗಳಲ್ಲಿ ಬೆನ್ನುಂಗುರದ ಹತ್ತಿರ ಪಟ್ಟಿಯನ್ನು ಒಂದು ಮಡಿಕೆ ಮಡಿಸಿ, ಬೇಕೆಂದೇ ಬಡಕಲು ನೂಲಿನಲ್ಲಿ ಹೊಲಿದಿರುತ್ತಾರೆ. ತೊಟ್ಟವನು ಬಿದ್ದು ಬೆಲ್ಟು ಜಗ್ಗಿತೆಂದರೆ ಆ ನೂಲು ಹರಿದು, ಮಡಿಕೆ ಬಿಚ್ಚಿ, ಒಳಗೆ ಅಡಗಿಸಿಟ್ಟ ಕೆಂಪು ಬಟ್ಟೆ ಹೊರಗೆ ಇಣುಕುತ್ತದೆ. ಈ ಬೆಲ್ಟು ಒಬ್ಬನನ್ನು ಹಿಡಿದು ಆಗಿದೆ, ಇನ್ನು ಇದನ್ನು ತೊಡಬಾರದು ಎಂದು ಅದರ ಅರ್ಥ. ಕಣ್ಣಿಗೆ ಹೊಸದರ ಹಾಗಿದ್ದರೂ ಪಟ್ಟಿಯ ಎಳೆಗಳು ಒಳಗೇ ಹಿಗ್ಗಿ ದಣಿದಿರುತ್ತವೆ. ಇನ್ನೊಮ್ಮೆ ಹಿಡಿದರೂ ಹಿಡಿದೀತು, ಬಿಟ್ಟರೂ ಬಿಟ್ಟೀತು. ಶೆಡ್ಡಿನವರು ಆ ಹೊಲಿಗೆಗೆ ಸಾಕ್ಷಿ ಹೊಲಿಗೆ ಎನ್ನುತ್ತಾರೆ.

ಮಾಸ್ತರರು ಆ ಬೆಲ್ಟನ್ನು ಬಾಗಿಸಿ ನೋಡಿದರು. ಒಂದು ಎಳೆಯೂ ಕಿತ್ತಿರಲಿಲ್ಲ. ಮೆತ್ತೆಯ ಮೇಲೆ ಬೆವರಿನ ಕಲೆ ಕೂಡ ಇರಲಿಲ್ಲ. ಕೆಂಪು ಬಟ್ಟೆಯೊಂದು ಇಣುಕದಿದ್ದರೆ ಅಂಗಡಿಯಿಂದ ಈಗ ತಂದದ್ದು ಎನ್ನಬಹುದಿತ್ತು. ಕತ್ತರಿಸಬೇಕಾದ ಗಾಜಪ್ಪ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದ. 'ಸೊಂಟದ ಹಗ್ಗಕ್ಕಿಂತ ಇದು ಸಾವಿರ ಪಾಲು ವಾಸಿ ಅಲ್ಲವೇ' ಎಂದು ಮಾಸ್ತರರ ಮನಸ್ಸಿನಲ್ಲಿ ಯಾರೋ ಕೇಳಿದರು. ಕೇಳಿದವರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು, ಮೂಲೆಯಲ್ಲಿದ್ದ ಹಳೆಯದೊಂದನ್ನು ಚೂರು ಚೂರು ಮಾಡಿ ಡಬ್ಬಕ್ಕೆ ಹಾಕಿ, "ಗಾಜಪ್ಪಂದು ಕತ್ತರಿಸಿಯಾಯ್ತು" ಎಂದರು. ಯಾರೂ ಡಬ್ಬದೊಳಗೆ ಬಗ್ಗಿ ನೋಡಲಿಲ್ಲ. ಕತ್ತರಿ ಮಾಸ್ತರರು ಕತ್ತರಿಸಿದೆ ಎಂದ ಮೇಲೆ ನೋಡುವುದೇನಿದೆ?

ಮನೆಯಲ್ಲಿ ಹೆಂಡತಿ ಸಂತೆಗೆ ಹೋದ ಹೊತ್ತು ನೋಡಿಕೊಂಡು, ಕೆಂಪು ಬಟ್ಟೆಯನ್ನು ಒಳಗೆ ತುರುಕಿ, ಮಡಿಕೆಯನ್ನು ಮೊದಲಿನಂತೆ ಕೂರಿಸಿ, ಅದೇ ಬಣ್ಣದ ನೂಲು ಆರಿಸಿ ಹೊಲಿದರು. ಒಂದು ಕಾಲದಲ್ಲಿ ಸಿಗರೇಟು ಸುಟ್ಟ ಕೋಟಿಗೆ ರಫು ಹಾಕಿ, ಕೋಟಿನ ಒಡೆಯನಿಗೇ ತೂತು ಎಲ್ಲಿತ್ತೆಂದು ಮರೆಸಿದ ಕೈ ಅದು. ಹಳೆಯ ಸೂಜಿರಂಧ್ರಗಳಲ್ಲೇ ಹೊಸ ನೂಲು ಹಾಯಿಸಿದರು. ಹೊಲಿದು ಮುಗಿಸಿ ಬೆಳಕಿಗೆ ಹಿಡಿದಾಗ, ನಾಚಿಕೆಯ ಮಾತೆಂದರೆ, ಅವರಿಗೆ ಮೊದಲು ಅನ್ನಿಸಿದ್ದು ಹೆಮ್ಮೆ. ಕೈ ಇನ್ನೂ ಕೆಟ್ಟಿಲ್ಲ ಎಂದುಕೊಂಡರು. ನಾಚಿಕೆ ಬಂದದ್ದು ಆಮೇಲೆ. ಬಂದದ್ದು ಹೋಗಲಿಲ್ಲ.

ಉಡುಗೊರೆಯ ದಿನ ಭಾವನ ಬಾಯಿ ಕಟ್ಟಿತು. ಅಳಿಯ ಬೆಲ್ಟನ್ನು ಅಲ್ಲೇ ತೊಟ್ಟು, ಕನ್ನಡಿಯ ಮುಂದೆ ನಿಂತು, ಮದುವೆಯ ಕೋಟು ತೊಟ್ಟ ದಿನಕ್ಕಿಂತ ಹೆಚ್ಚು ಹೊತ್ತು ನೋಡಿಕೊಂಡ. "ಒಂದ್ಸಲ ನೀವೇ ಪೂರ್ತಿ ನೋಡಿಕೊಳ್ಳಿ ಅಳಿಯಂದ್ರೇ" ಎಂದು ಮಾಸ್ತರರು ಅಭ್ಯಾಸಬಲದಿಂದ ಹೇಳಿಬಿಟ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅವನು ಕೈ ಮುಗಿದು, "ಮಾವ ಕೊಟ್ಟಿದ್ದನ್ನ ಪರೀಕ್ಷೆ ಮಾಡೋದಾ? ಉಂಟಾ ಎಲ್ಲಾದ್ರೂ?" ಎಂದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅಂದಿನಿಂದ ಮಾಸ್ತರರ ಪಾಡು ಹಾಗಾಯಿತು. ಶೆಡ್ಡಿನಲ್ಲಿ ಯಾರಾದರೂ ಬೆಲ್ಟು ಕತ್ತರಿಸುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. 'ನಾನಾದರೂ ನಂಬಬೇಡಿ' ಎಂಬ ಮಾತನ್ನು ಬಿಟ್ಟೇಬಿಟ್ಟರು. ಅದು ಬಾಯಿಗೆ ಬಂದರೆ ಕಿವಿ ಬಿಸಿಯಾಗುತ್ತಿತ್ತು. ಗಾಜಪ್ಪ ಹೆಗಲು ನೆಟ್ಟಗಾಗಿ ಕೆಲಸಕ್ಕೆ ಬಂದವನೇ, "ನನ್ನ ಬೆಲ್ಟು ನಾನೇ ಕತ್ತರಿಸೋಕೆ ಆಗಲಿಲ್ಲ ಮಾಸ್ತರೇ. ಅದಕ್ಕೊಂದು ಕೈ ಮುಗಿದು ಕತ್ತರಿಸಬೇಕು ಅಂತಿದ್ದೆ" ಎಂದಾಗ ಅವರು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದರು. ಮನೆಯಲ್ಲಿ ಫೋನು ಬಡಿದರೆ ಹೆಂಡತಿ ಎತ್ತಿ, "ಮಗಳು, ಎಲ್ಲ ಚೆನ್ನಾಗಿದ್ದಾರಂತೆ" ಎಂದು ಹೇಳುವವರೆಗೆ ಅವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಬೆಲ್ಟನ್ನು ವಾಪಸು ಕೇಳೋಣವೆಂದು ಎಷ್ಟೋ ಸಲ ಹೊರಟರು. ಏನೆಂದು ಕೇಳುವುದು? ನಿಜ ಹೇಳಿ ಕೇಳಿದರೆ ಮುಖ ಹೋಗುತ್ತದೆ, ಸುಳ್ಳು ಹೇಳೋಣವೆಂದರೆ ಸುಳ್ಳು ಸಿಕ್ಕುತ್ತಿಲ್ಲ. ಹೀಗೆ ದಿನ ದೂಡುತ್ತ, ಪ್ರತಿದಿನವೂ ಆ ಹುಡುಗ ಯಾವುದೋ ಕಟ್ಟಡದ ಹಣೆಯ ಮೇಲೆ ನೇತಾಡುತ್ತಿದ್ದಾನೆ ಎಂಬುದನ್ನು ಬಲ್ಲ ಮನುಷ್ಯ, ತನ್ನ ಮಾನವನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ಅವನ ಪ್ರಾಣವನ್ನು ಇನ್ನೊಂದರಲ್ಲೂ ಇಟ್ಟುಕೊಂಡು ಕೂತಿದ್ದರು. ಇದಕ್ಕಿಂತ ಕೆಟ್ಟ ತೂಕ ಇನ್ನೊಂದಿಲ್ಲ.

ಕೊನೆಗೆ ಅಳಿಯನೇ ಬಂದ. ಬೆಳಿಗ್ಗೆ ಬೆಲ್ಟು ಹಂಚುವ ಹೊತ್ತು, ಶೆಡ್ಡು ತುಂಬ ಜನ. ಬೆಲ್ಟನ್ನು ಒಗೆದು, ನೆರಳಲ್ಲಿ ಒಣಗಿಸಿ, ಮಡಿಸಿ, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. "ಆಗಾಗ ತೋರಿಸಬೇಕಂತಲ್ಲ ಮಾವ" ಎಂದು ಮೇಜಿನ ಮೇಲಿಟ್ಟ. ಮಾಸ್ತರರ ಅಳಿಯ ಎಂದು ತಿಳಿದು ಎಲ್ಲರೂ ಸುತ್ತ ನೆರೆದರು.

ಗಾಜಪ್ಪ ಬೆಲ್ಟನ್ನು ನೋಡಿ, "ಅರೆ! ನನ್ನನ್ನ ಹಿಡಿದಿದ್ದೂ ಇಂಥದ್ದೇ" ಎಂದು ಕೈ ನೀಡಿದ. ಮಾಸ್ತರರು ಅವನ ಕೈಗೆ ಸಿಗದಂತೆ ಎಳೆದುಕೊಂಡು, "ನೋಡೋವಾಗ ಕೈ ಹಾಕಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?" ಎಂದು ಗದರಿದರು. ಪಟ್ಟಿಯನ್ನು ಬಾಗಿಸಿದರು. ಈ ಬೆಲ್ಟು ಇಲ್ಲಿಂದ ತಿರುಗಿ ಹೋಗಬಾರದು ಎಂಬುದೊಂದು ಅವರಿಗೆ ನಿಚ್ಚಳವಾಗಿತ್ತು. ಇವತ್ತು ನಪಾಸು ಮಾಡಿದರೆ ಪೀಡೆ ಕಳೆಯಿತು. ಕಾರಣ ಹೇಳಬೇಕಷ್ಟೆ. ಎಲ್ಲರೂ ಕಾರಣಕ್ಕೆ ಕಾಯುತ್ತಿದ್ದರು.

"ಥಿನ್ನರ್ ತಾಗಿದೆ" ಎಂದರು ಮಾಸ್ತರರು. "ಬಣ್ಣ ತೆಳು ಮಾಡೋ ಥಿನ್ನರ್. ಒಳಗೆ ತಿಂದುಬಿಟ್ಟಿದೆ. ಇದು ನಪಾಸು."

ಅಳಿಯನ ಮುಖ ಇಳಿದುಹೋಯಿತು. "ಥಿನ್ನರ್ ಹತ್ರ ನಾನು ಇಟ್ಟೇ ಇಲ್ಲವಲ್ಲ ಮಾವ..." ಎಂದು ಶುರುಮಾಡಿದವನು ಅರ್ಧಕ್ಕೆ ನಿಲ್ಲಿಸಿದ. ಮಾವ ಹೇಳಿದ ಮೇಲೆ ಮುಗಿಯಿತು. "ಯಾವಾಗ ತಾಗಿತೋ. ಡಬ್ಬ ಪಕ್ಕದಲ್ಲಿಟ್ಟಿದ್ನೋ ಏನೋ. ತಪ್ಪಾಯ್ತು ಮಾವ. ನೀವು ಅಷ್ಟು ಆಸೆಯಿಂದ ಕೊಟ್ಟಿದ್ದು." ಸುತ್ತಲಿದ್ದವರು ತಲೆಗೊಂದು ಬುದ್ಧಿ ಹೇಳಿದರು. ಒಬ್ಬ, "ಉಡುಗೊರೆ ಅಂದ್ರೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಪ್ಪಾ" ಎಂದ. ಹುಡುಗ ತಪ್ಪು ಮಾಡಿದವನ ಹಾಗೆ ಎಲ್ಲವನ್ನೂ ಕೇಳಿಸಿಕೊಂಡ.

ಕಟ್ಟಳೆಯಂತೆ ಕತ್ತರಿ ಅವನ ಕೈಗೆ ಬಂತು. ಹೆಗಲು ಪಟ್ಟಿ, ತೊಡೆ ಪಟ್ಟಿ ಎಲ್ಲ ತುಂಡಾದವು. ಬೆನ್ನುಂಗುರದ ಹತ್ತಿರ ಬಂದಾಗ ಅವನು ಕತ್ತರಿ ನಿಲ್ಲಿಸಿ, "ಮಾವ, ಇದಿಷ್ಟು ತುಂಡು ನಾನು ಇಟ್ಕೊಳ್ಳಲಾ? ನಿಮ್ಮ ನೆನಪಿಗೆ" ಎಂದ. ಮಾಸ್ತರರು ಹೂಂಗುಟ್ಟಿದರು. ಉಂಗುರವನ್ನೂ ಸಾಕ್ಷಿ ಹೊಲಿಗೆಯನ್ನೂ ಹೊತ್ತ ಆ ಗೇಣುದ್ದದ ತುಂಡು ಅವನ ಜೇಬು ಸೇರಿತು.

ಬೆಲ್ಟು ಹೋದರೆ ಪೀಡೆ ಹೋಗುತ್ತದೆ ಎಂದುಕೊಂಡಿದ್ದರಲ್ಲ, ಹೋಗಲಿಲ್ಲ. ಮೊದಲು ಒಂದು ಮೋಸವಿತ್ತು. ಈಗ ಅದರ ಮೇಲೆ ನಿರಪರಾಧಿಯ ತಲೆಗೆ ಕಟ್ಟಿದ ತಪ್ಪೊಂದು ಸೇರಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಸಾಲದೆ, ಮೇಯ್ದದ್ದು ಕರು ಎಂದು ದೂರು ಕೊಟ್ಟ ಹಾಗಾಯಿತು.

ಕೆಲವು ದಿನ ಕಳೆದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೆಂಡತಿ ಹೇಳಿದಳು: "ರೀ, ಮಗಳು ಬೇಜಾರು ಮಾಡ್ಕೊಂಡಿದ್ದಾಳೆ. ಅಳಿಯ ಮತ್ತೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಹತ್ತುತ್ತಿದ್ದಾರಂತೆ. ಬೇರೆ ಬೆಲ್ಟು ತಗೊಳ್ಳಿ ಅಂದ್ರೆ, ಮಾವ ಕೊಟ್ಟಿದ್ದನ್ನೇ ಉಳಿಸಿಕೊಳ್ಳೋಕೆ ಆಗದೋನು ನಾನು, ಇನ್ನೊಂದು ತಗೊಳ್ಳೋಕೆ ಮನಸ್ಸು ಬರ್ತಿಲ್ಲ, ಸ್ವಲ್ಪ ದಿನ ಹೋಗಲಿ ಅಂತಾರಂತೆ. ಇವತ್ತು ದೊಡ್ಡ ಬಸ್ ನಿಲ್ದಾಣದ ಎದುರು ಕೆಲಸವಂತೆ."

ಮಾಸ್ತರರು ಕೈ ತೊಳೆದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನೇರ ಅಂಗಡಿಗೆ ಹೋಗಿ ಸಾದಾ ಬೆಲ್ಟೊಂದನ್ನು ಕೊಂಡರು. ಮೆತ್ತೆ ಇಲ್ಲ, ಮಣ್ಣೂ ಇಲ್ಲ. ಅಂಗಡಿಯಲ್ಲೇ ತುದಿಯಿಂದ ತುದಿಗೆ ಬಾಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಎದುರು ಬಂದು ನಿಂತರು.

ಹುಡುಗ ಮೇಲಿದ್ದ. ಒಂದು ಕೈಯಲ್ಲಿ ಕಬ್ಬಿಣದ ಚೌಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಡ್ರಿಲ್ಲು ಒತ್ತುತ್ತಿದ್ದ. ಸೊಂಟದ ಹಗ್ಗ ಬಟ್ಟೆ ಒಣಗಿಸುವ ದಾರದಂತೆ ಸಡಿಲವಾಗಿ ಜೋತಿತ್ತು. ಹಿಂದೆಲ್ಲ ಮಾಸ್ತರರು ಎತ್ತರದಲ್ಲಿರುವವರನ್ನು ತಲೆಯೆತ್ತಿ ನೋಡಿದವರಲ್ಲ. ಅವರ ಲೋಕ ಮೇಜಿನ ಎತ್ತರದ್ದು. ಈಗ ನೋಡಿದರು. "ಇಳೀರಿ! ಅಳಿಯಂದ್ರೇ, ಇಳೀರಿ ಮೊದಲು!" ಎಂದು ಕೂಗಿದ ಕೂಗಿಗೆ ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

ಇಳಿದುಬಂದ ಅಳಿಯನ ಜೊತೆ ಅವನ ಮನೆಗೆ ಬಂದಾಗ ಮಗಳು ಚಹಾ ಮಾಡಿ ತಂದಳು. ಬಾಗಿಲ ಪಕ್ಕದ ಮೊಳೆಗೆ ಆ ತುಂಡು ನೇತುಬಿದ್ದಿತ್ತು. ಉಂಗುರಕ್ಕೆ ಮನೆಯ ಬೀಗದ ಕೈಗಳನ್ನು ಸಿಕ್ಕಿಸಿದ್ದರು. ಮಾಸ್ತರರು ಅದಕ್ಕೆ ಬೆನ್ನು ಹಾಕಿ ಕೂತು, ಚೀಲದಿಂದ ಹೊಸ ಬೆಲ್ಟು ತೆಗೆದು ಅಳಿಯನ ಮುಂದಿಟ್ಟರು. "ಇದು ಸಾದಾ. ಆದರೆ ಒಳ್ಳೇದು. ಇನ್ನು ಹಗ್ಗ ಕಟ್ಕೊಂಡು ಹತ್ತಬೇಡಿ" ಎಂದರು. ಇಷ್ಟಕ್ಕೇ ಮುಗಿಸಿ ಎದ್ದು ಹೋಗುವುದೆಂದು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದರು. ಹುಡುಗ ಸುರಕ್ಷಿತ, ಹಳೆಯ ಬೆಲ್ಟು ಚೂರು ಚೂರು. ಯಾರಿಗೂ ಏನೂ ಗೊತ್ತಾಗಬೇಕಿಲ್ಲ.

ಮಗಳ ಕಣ್ಣು ತುಂಬಿತು. ಒಳಗೆ ಹೋದವಳು ಸೂಜಿ ನೂಲಿನ ಡಬ್ಬಿ ಹಿಡಿದು ಬಂದಳು. "ಅಪ್ಪಾ, ಇದಕ್ಕೂ ನಿನ್ನ ಹೊಲಿಗೆ ಹಾಕಿಕೊಡು" ಎಂದಳು.

"ಯಾವ ಹೊಲಿಗೆ?"

"ನನ್ನ ಹತ್ರಾನೂ ನಾಟಕವಾ?" ಅವಳು ಮೊಳೆಯಿಂದ ತುಂಡನ್ನು ತೆಗೆದು ಅವರ ಮಡಿಲಿಗೆ ಹಾಕಿದಳು. "ಕೊಟ್ಟ ದಿನಾನೇ ನೋಡಿದೆ ನಾನು. ಕಂಪನಿ ಹೊಲಿಗೆ ನೆಟ್ಟಗಿರುತ್ತೆ, ಇದು ಒಂಚೂರು ಎಡಕ್ಕೆ ವಾಲಿದೆ. ನನ್ನ ಶಾಲೆ ಅಂಗಿ ಮೊಣಕೈ ಮೇಲೆ ಇದೇ ಹೊಲಿಗೆ ಇತ್ತಲ್ಲಪ್ಪಾ. ನಿನ್ನ ಎಡಗೈ ನಂಗೆ ಗೊತ್ತಾಗಲ್ವಾ? ಕಂಪನಿ ಹೊಲಿಗೆ ಸಾಲದು ಅಂತ ಅಪ್ಪ ತನ್ನ ಕೈಯಾರೆ ಇನ್ನೊಂದು ಸಲ ಗಟ್ಟಿ ಮಾಡಿದಾನೆ, ಹೇಳಿಕೊಳ್ಳೋ ಜಾತಿ ಅಲ್ಲ ಅವನು ಅಂತ ಇವರಿಗೂ ತೋರಿಸಿದೆ."

"ಹೌದು ಮಾವ" ಎಂದ ಅಳಿಯ, ನೆಲ ನೋಡುತ್ತ. "ಮೊದಲೆಲ್ಲ ನಾನು ಒಂದು ಕೈಯಲ್ಲಿ ಏನಾದ್ರೂ ಹಿಡ್ಕೊಂಡೇ ಇರ್ತಿದ್ದೆ. ಇವಳು ಅದನ್ನ ತೋರಿಸಿದ ಮೇಲೆ ಎರಡೂ ಕೈ ಬಿಟ್ಟು, ಪೂರ್ತಿ ಭಾರ ಹಾಕಿ, ಹಿಂದಕ್ಕೆ ಒರಗಿ ಕೆಲಸ ಮಾಡ್ತಿದ್ದೆ. ಹೆದರಿಕೆ ಅನ್ನೋದೇ ಇರಲಿಲ್ಲ."

ಮಾಸ್ತರರು ಮಡಿಲಲ್ಲಿದ್ದ ತುಂಡನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಎನ್ನುವುದನ್ನು ಅವರು ಎಷ್ಟೋ ಸಲ ಕೇಳಿದ್ದರು. ಹಾಗೆಂದರೇನೆಂದು ತಿಳಿದದ್ದು ಆ ಕ್ಷಣ. ಮಗಳು ಸೂಜಿಗೆ ನೂಲು ಪೋಣಿಸಿ, ಹೊಸ ಬೆಲ್ಟಿನ ಮಡಿಕೆಯನ್ನು ಮುಂದೊಡ್ಡಿ ಕಾಯುತ್ತಿದ್ದಳು. ಆ ಮಡಿಕೆಗೆ ಅವರು ಒಂದು ಹೊಲಿಗೆ ಹಾಕಿದರೂ ಒಳ್ಳೆಯ ಬೆಲ್ಟು ಮೂಕವಾಗುತ್ತದೆ. ಹಾಕುವುದಿಲ್ಲವೆಂದರೆ ಯಾಕೆಂದು ಹೇಳಬೇಕು.

"ಅದನ್ನ ಹೊಲಿಯಬಾರದು ಮಗಾ" ಎಂದರು. ದನಿ ತಮ್ಮದೆಂದು ಅವರಿಗೇ ಅನ್ನಿಸಲಿಲ್ಲ. "ಅದು ಹರಿಯೋಕೇ ಇರೋ ಹೊಲಿಗೆ. ಬಿದ್ದವನನ್ನ ಹಿಡಿದ ಮೇಲೆ ಹರಿಯುತ್ತೆ. ಇದು ಹರಿದಿತ್ತು. ಬೇರೆಯೋನು ಬಿದ್ದಿದ್ದ ಬೆಲ್ಟು ಇದು. ಕತ್ತರಿಸಬೇಕಾಗಿತ್ತು. ನಿನ್ನ ಸೋದರಮಾವನ ಮುಂದೆ ಕೊಡ್ತೀನಿ ಅಂತ ಬಾಯಿ ಬಿಟ್ಟುಬಿಟ್ಟಿದ್ದೆ. ಮುಚ್ಚಿ ಹೊಲಿದು ಕೊಟ್ಟೆ." ಅಳಿಯನ ಕಡೆ ತಿರುಗಿ, "ಥಿನ್ನರ್ ತಾಗಿರಲಿಲ್ಲ ಅಳಿಯಂದ್ರೇ. ನಿಮ್ಮದೇನೂ ತಪ್ಪಿರಲಿಲ್ಲ" ಎಂದರು.

ಮಗಳು ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದಳು. ಅವಳು ಮೊದಲು ಹೊಲಿಗೆ ಕಲಿತಾಗ ಅಪ್ಪನೇ ಕೊಡಿಸಿದ ಕತ್ತರಿ. ತುಂಡನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಚಹಾ ಆರಿ ಕೆನೆ ಕಟ್ಟಿತು. ಕಡೆಯ ನೂಲು ಬಂದಾಗ ಮಡಿಕೆ ಸಡಿಲವಾಗಿ, ಕೆಂಪು ಬಟ್ಟೆ ಹೊರಗೆ ಬಂತು. ಅದನ್ನೇ ನೋಡುತ್ತ ಅವಳು, "ಎಷ್ಟು ಗಟ್ಟಿಯಾಗಿ ಹೊಲಿದಿದ್ದೀಯಪ್ಪಾ" ಎಂದಳು. ಬೈದಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಶೆಡ್ಡಿನಲ್ಲಿ ಏನಾಯಿತೆಂಬುದನ್ನೂ ಇಲ್ಲೇ ಹೇಳಿ ಮುಗಿಸಬಹುದು. ಬೆಲ್ಟು ಹಂಚುವ ಮೊದಲು ಮಾಸ್ತರರು ಆ ತುಂಡನ್ನು ಮೇಜಿನ ಮೇಲಿಟ್ಟು, ಕಾರಣವನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಗಾಜಪ್ಪ ಅದನ್ನು ಎತ್ತಿಕೊಂಡು, ತನ್ನನ್ನು ಉಳಿಸಿದ ಉಂಗುರವನ್ನು ಹೆಬ್ಬೆರಳಿನಿಂದ ತಿಕ್ಕಿ, ಕತ್ತರಿ ಕೇಳಿ, ತುಂಡನ್ನು ಎರಡು ಮಾಡಿದ. ಮ್ಯಾನೇಜರು ಮಾಸ್ತರರಿಂದ ಶೆಡ್ಡಿನ ಬೀಗದ ಕೈ ವಾಪಸು ತೆಗೆದುಕೊಂಡರು. ಬಹಳ ದಿನ ಬಿಟ್ಟು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕೆಂಬ ಮಾತಿನ ಮೇಲೆ ಮೇಜನ್ನು ಮತ್ತೆ ಕೊಟ್ಟರು. ಈಗ ಶೆಡ್ಡಿನಲ್ಲಿ ಪ್ರತಿಯೊಬ್ಬನೂ ತನ್ನ ಬೆಲ್ಟನ್ನು ತಾನೇ ಬಾಗಿಸಿ ನೋಡುತ್ತಾನೆ. ಅಷ್ಟು ವರ್ಷ ಬಾಯಲ್ಲಿ ಹೇಳಿದರೂ ಆಗದ ಕೆಲಸ ಅದು.

ಆದರೆ ಮಾಸ್ತರರ ಮನಸ್ಸಿನಲ್ಲಿ ಉಳಿದದ್ದು ಶೆಡ್ಡಿನ ಬೆಳಗಲ್ಲ, ಮಗಳ ಮನೆಯ ಆ ಸಂಜೆ. ಅವಳು ಕೆಂಪು ಬಟ್ಟೆಯ ತುಂಡನ್ನು ಅಪ್ಪನ ಕೈಗಿತ್ತು ಒಳಗೆ ಹೋದ ಮೇಲೆ, ಮಾವ ಅಳಿಯ ಇಬ್ಬರೇ ಉಳಿದರು. ಹೊಸ ಬೆಲ್ಟು ಇನ್ನೂ ನಡುವೆ ಬಿದ್ದಿತ್ತು. ಅಳಿಯ ಅದನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ತೊಟ್ಟು ನೋಡುತ್ತಾನೆ ಎಂದುಕೊಂಡರು ಮಾಸ್ತರರು. ತೊಡಲಿಲ್ಲ. ಪಟ್ಟಿಯ ತುದಿ ಹಿಡಿದು ಬಾಗಿಸಿದ. ಒಂದಿಷ್ಟು ಸರಿಸಿದ, ಮತ್ತೆ ಬಾಗಿಸಿದ. ಬಕ್ಕಲ್ಲುಗಳನ್ನು ಒಂದೊಂದಾಗಿ ಹಾಕಿ ತೆಗೆದ. ಬೆನ್ನುಂಗುರದ ಹತ್ತಿರ ಬಂದಾಗ ಎದ್ದು ಕಿಟಕಿಗೆ ಹೋಗಿ, ಸಾಕ್ಷಿ ಹೊಲಿಗೆಯನ್ನು ಬೆಳಕಿಗೆ ಹಿಡಿದು, ಅದು ಯಾವ ಕಡೆಗೆ ವಾಲಿದೆಯೆಂದು ಕಣ್ಣು ಕಿರಿದಾಗಿಸಿ ನೋಡಿದ.

ಮಾವನ ಎದುರಿಗೇ ನೋಡಿದ. ಮಾಸ್ತರರು ತಲೆ ತಗ್ಗಿಸಿ ಅವನು ಮುಗಿಸುವವರೆಗೆ ಕಾದರು.

"ಸರಿ ಇದೆ ಮಾವ" ಎಂದ ಅಳಿಯ.